ಇಲ್ಲದ ಚಹಾ

ಗ್ಲಾಸ್ಗೋ. ಮೂರನೆಯ ಮಹಡಿ. ಕರಿ ಬಳಿದ ನೆಲ.
ಮೂರು ವಾರದಿಂದ ಸ್ಟ್ರೂವನ್ ಚಹಾ ಕುಡಿಯುತ್ತಿದ್ದಾನೆ
ಖಾಲಿ ಕಪ್ಪಿನಲ್ಲಿ.

"ಸುಡುತ್ತಿಲ್ಲ," ಎನ್ನುತ್ತಾರೆ ಓಗಿಲ್ವಿ ಮೇಡಂ,
ತಲೆಯೆತ್ತದೆ. "ಮತ್ತೆ."

ಊದಿದ. ಹುಬ್ಬು ಗಂಟಿಕ್ಕಿದ. ನಾಲಗೆ ಚಾಚಿ ಹಾ ಅಂದ.
"ಅದು ನಟನೆ. ನಾನು ಕೇಳಿದ್ದು ಚಹಾ."

ಮೀನು ಮಂಡಿಯ ರಾತ್ರಿಪಾಳಿ ಮುಗಿಸಿ
ಐಸು ಎತ್ತಿ ಮರಗಟ್ಟಿದ ಬೆರಳಲ್ಲಿ
ನಿಜದ ಚಹಾ ಹಿಡಿದವನು
ಕುಡಿಯಲೇ ಇಲ್ಲ; ನೋಡಿದ:
ಯಾವ ಬೆರಳು ಮೊದಲು ಹೆದರುತ್ತದೆ,
ಯಾವುದು ಸುಟ್ಟರೂ ಬಿಡದೆ ತಬ್ಬುತ್ತದೆ.
ಆರಿತು. ಕೆನೆ ಕಟ್ಟಿತು. ಕಾಸು ದಂಡ.

ಬೆಳಿಗ್ಗೆ ತರಗತಿಯಲ್ಲಿ ಏನೂ ಮಾಡಲಿಲ್ಲ.
ಕಪ್ಪು ತಂದ, ಕಿಟಕಿಕಟ್ಟೆಯ ಮೇಲಿಟ್ಟು
ಸುಮ್ಮನೆ ಕೂತ, ಆರಲಿ ಅಂತ.

ಚಳಿಗೆ ಕಿಟಕಿ ಮುಚ್ಚಲು ಎದ್ದ ಮೇಡಂ
ಚಿಲಕಕ್ಕೆ ಕೈಹಾಕುವ ಮುನ್ನ
ಕಪ್ಪನ್ನು ತುಸು ಪಕ್ಕಕ್ಕೆ ಸರಿಸಿದರು,
ತುಳುಕದ ಹಾಗೆ.