ಹದಿನೇಳನೆಯ ತಿರುವು

ಮೂರು ತಿಂಗಳ ಬದಲಿ ಕೆಲಸಕ್ಕೆಂದು ಬಂದವಳು ನಾನು.
ಯಾರದೋ ಮೊಣಕಾಲು ಮುರಿದಿತ್ತು, ಅಂಚೆ ಬಸ್ಸಿಗೆ ಕೈ ಬೇಕಿತ್ತು.
ಕಣಿವೆಯಿಂದ ಹದಿನೇಳು ತಿರುವು,
ತಿರುವಿಗೊಂದು ಹಾರ್ನು, ಮೂರು ಸ್ವರದ್ದು.
ಕಡೆಯದು ಕೇಳಿದೊಡನೆ ಮೇಲೆ ಮೆಂಗಜ್ಜಿ
ಒಲೆಯ ಮೇಲೆ ಕಾಫಿಗೆ ನೀರಿಡುತ್ತಾಳೆ.
ಇದು ನನಗೆ ತಿಳಿದದ್ದು ಎರಡನೆಯ ಚಳಿಗಾಲದಲ್ಲಿ.
ಅಲ್ಲಿತನಕ, ಆ ಮನೆಯ ಕಾಫಿ
ತನ್ನಷ್ಟಕ್ಕೆ ತಾನು ಬಿಸಿಯಾಗಿರುತ್ತದೆ ಅಂದುಕೊಂಡಿದ್ದೆ.

ಜ್ಯೂರಿಕ್‌ನಿಂದ ತಂಗಿ ಫೋನಿನಲ್ಲಿ ಕೇಳುತ್ತಾಳೆ:
ಅಂಥದ್ದೇನಿದೆಯೇ ಅಲ್ಲಿ?

ಬೆಟ್ಟ ಅನ್ನಲೇ?
ಬೆಟ್ಟ ನೋಡುವವರು ಟಿಕೀಟು ತೆಗೆದುಕೊಂಡು ಬರುತ್ತಾರೆ,
ಬೆಳಿಗ್ಗೆ ನಾನೇ ಹತ್ತಿಸಿ ತರುತ್ತೇನೆ,
ಐದೂ ಇಪ್ಪತ್ತಕ್ಕೆ ನಾನೇ ಇಳಿಸಿ ಬರುತ್ತೇನೆ.
ಬಿಸಿಲು ಅನ್ನಲೇ?
ನವೆಂಬರಿನಿಂದ ಫೆಬ್ರವರಿಯ ತನಕ ಸೂರ್ಯ
ನಮ್ಮ ಮಗ್ಗುಲಿಗೆ ಬರುವುದೇ ಇಲ್ಲ.
ಎದುರು ಇಳಿಜಾರಿನಲ್ಲಿ ಸರಿದುಹೋಗುತ್ತಾನೆ,
ಸಾಲ ಕೊಟ್ಟವರನ್ನು ಕಂಡು
ರಸ್ತೆ ದಾಟಿಬಿಡುವವನ ಹಾಗೆ.

ಬಸ್ಸಿನಲ್ಲಿ ಜನಕ್ಕಿಂತ ಸಾಮಾನೇ ಜಾಸ್ತಿ.
ಯಾಖೆನ್‌ನ ಹಸುವಿಗೆ ಚುಚ್ಚುಮದ್ದು,
ಮದ್ಲೈನಾಳಿಗೆ ದುರಸ್ತಿಯಾದ ಕನ್ನಡಕ,
ಶಾಲೆಗೆ ಒಂದು ಗ್ಲೋಬು
(ಮಕ್ಕಳು ಐವರು, ಮೂವರು ಒಂದೇ ಮನೆಯವರು).
ಒಮ್ಮೆ ಒಂದು ಜೇನುರಾಣಿ, ಬೆಂಕಿಪೊಟ್ಟಣದಷ್ಟು ಪಂಜರದಲ್ಲಿ.
ಅವಳನ್ನು ಮಾತ್ರ ಅಂಗಿಯ ಜೇಬಿನಲ್ಲಿಟ್ಟುಕೊಂಡು
ಹದಿನೇಳೂ ತಿರುವು ಮೆಲ್ಲಗೆ ತಿರುಗಿಸಿದೆ.

ಒಬ್ಬರಿಗೆ ಒಂದೇ ಕೆಲಸ ಅಂತ ಇಲ್ಲಿಲ್ಲ.
ಶಿಮುನ್ ಹಗಲು ಹಿಮ ತಳ್ಳುತ್ತಾನೆ,
ಸಂಜೆ ಊರಿನ ಲೆಕ್ಕ ಬರೆಯುತ್ತಾನೆ,
ಯಾರಾದರೂ ತೀರಿಕೊಂಡರೆ ಗುಂಡಿ ತೆಗೆಯುತ್ತಾನೆ.
ಮೂರರಲ್ಲೂ ತೋಡುವುದೇ, ಎಂದು ನಗುತ್ತಾನೆ.

ಸುಳ್ಳು ಹೇಳುವುದಿಲ್ಲ, ತಂಗಿ:
ಇವತ್ತು ಒಂದು ಬಾಟಲಿ ಜಾಸ್ತಿ ಕೊಂಡರೆ
ನಾಳೆ ಅದು ಹನ್ನೊಂದನೆಯ ತಿರುವಿನ ಮನೆಗೂ ಗೊತ್ತು.
ಬೇಲಿಯ ಗೂಟವೊಂದಕ್ಕೆ ಜಗಳವಾಡಿ
ಫ್ಲೂರಿನ್‌ಗೂ ಅವನಣ್ಣನಿಗೂ ಹನ್ನೆರಡು ವರ್ಷದಿಂದ ಮಾತಿಲ್ಲ.
ಬಸ್ಸಿನಲ್ಲಿ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ.
ಅಣ್ಣ ಬಾರದ ದಿನ ಫ್ಲೂರಿನ್
ನನ್ನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾನೆ, ತುಟಿ ಬಿಚ್ಚದೆ.
ನಾನು ರಸ್ತೆಗೆ ಹೇಳುತ್ತೇನೆ:
ಜ್ವರವಂತೆ. ಈಗ ಇಳಿದಿದೆಯಂತೆ.

ಆರು ವರ್ಷ ನಗರದಲ್ಲಿ ಟ್ರಾಮು ಓಡಿಸಿದೆನಲ್ಲ,
ಬೆನ್ನಿಗೆ ಗಾಜು, ಗಾಜಿನಾಚೆ ಊರಿಗೆ ಊರೇ.
ಇಳಿಯುವಾಗ ಒಬ್ಬರಾದರೂ
ಹೋಗಿಬರುತ್ತೇನೆ ಅಂದದ್ದು ನೆನಪಿಲ್ಲ.
ಅವರ ತಪ್ಪಲ್ಲ. ಗಾಜು ದಪ್ಪವಿತ್ತು.

ಹೋದ ಜನವರಿ ಹಿಮ ಕುಸಿದು ರಸ್ತೆ ಮುಚ್ಚಿತು.
ಒಂಬತ್ತು ದಿನ ಬಸ್ಸು ಕೊಟ್ಟಿಗೆಯಲ್ಲಿ, ನಾನು ಕಿಟಕಿಯಲ್ಲಿ.
ಬಸ್ಸಿಲ್ಲದ ಬಸ್ಸಿನವಳು ಯಾವ ಲೆಕ್ಕಕ್ಕೆ?
ಎರಡನೆಯ ದಿನ ನಸುಕಿಗೇ ಉರ್ಸಿನಾ ಬಾಗಿಲು ಬಡಿದಳು,
ಮಾತಿಲ್ಲ ಕತೆಯಿಲ್ಲ, ಒಂದು ಏಪ್ರನ್ ಎಸೆದಳು.
ಗಿಣ್ಣು ಮಾಡುವ ತಾಮ್ರದ ಹಂಡೆಯ ಮುಂದೆ
ಮೊಣಕೈತನಕ ಹಾಲಿನ ಹಬೆಯಲ್ಲಿ ನಿಂತು
ಕಲಕಿದೆ, ಕಲಕಿದೆ, ತೋಳು ಬೀಳುವ ಹಾಗೆ.
ನನ್ನ ಕೈಯ ಆ ಗಿಣ್ಣು ಈಗಲೂ ನೆಲಮಾಳಿಗೆಯಲ್ಲಿದೆ.
ಒಂದು ಕಡೆ ಸೊಟ್ಟ. ಮಾರಲು ಬರುವುದಿಲ್ಲವಂತೆ,
ನಮಗೇ ಇರಲಿ ಅಂದಳು.
ನಮಗೆ ಎಂಬುದರಲ್ಲಿ ನಾನೂ ಇದ್ದೆನೋ ಇಲ್ಲವೋ,
ಕೇಳಲು ಹೋಗಲಿಲ್ಲ.

ಮೊಣಕಾಲಿನವನು ಗುಣವಾಗಿ ಎಷ್ಟೋ ಕಾಲವಾಯಿತು.
ಮೊದಲ ಸೀಟಿನಲ್ಲಿ ಕೂತು ನನ್ನ ಗೇರು ತಿದ್ದುತ್ತಾನೆ.

ನಿನ್ನೆ ಏನೋ ಯೋಚಿಸುತ್ತಾ ಕಡೆಯ ಹಾರ್ನು ಮರೆತೆ.
ಬಸ್ಸು ನಿಲ್ಲಿಸುವಷ್ಟರಲ್ಲಿ ಮೆಂಗಜ್ಜಿ
ಕೋಟಿಲ್ಲದೆ, ಚಪ್ಪಲಿಯಲ್ಲೇ, ಹಿಮದ ನಡುವೆ ನಿಂತಿದ್ದಳು.
ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ,
ದರಿದ್ರದವಳೇ, ಎಂದು ಬೈದು,
ಸರಸರ ಒಳಗೆ ಹೋದಳು.

ಇನ್ನೂ ನೀರೇ ಇಟ್ಟಿರಲಿಲ್ಲ.