ಖಾಲಿ ಒಡ್ಡು

ಅಕ್ಕಲಕೋಟಿ ಬಸ್ಸಿನ್ಯಾಗ ಹೊಸಬರು ಕೇಳತಾರ:
ಇದೆಂಥಾ ಕೆರಿ, ಒಂದು ಬೊಗಸಿ ನೀರಿಲ್ಲ?
ಕೆರಿ ಅಲ್ಲರಿ. ಒಡ್ಡು, ಮಣ್ಣಿನ ಒಡ್ಡು.
ಖಾಲಿ ಇರೂದೇ ಇದರ ಕೆಲಸ.

ಬುಡದಾಗ ಒಂದು ಕೊಳವಿ, ಎಂದೂ ಮುಚ್ಚದ ಬಾಯಿ.
ಹಳ್ಳ ಎಷ್ಟೇ ಸಿಟ್ಟಿಲೆ ಬರಲಿ
ರಾತ್ರಿ ಪೂರ್ತಿ ಹಿಡಕೊಂಡು, ಸಮಾಧಾನ ಹೇಳಿ
ಒಂದೊಂದು ತೆಕ್ಕಿಯಷ್ಟು ಬಿಡತದ.
ಉಳಿದ ದಿನ ಸಾಯಬಣ್ಣನ ಕುರಿ
ಅದರ ಹೊಟ್ಟ್ಯಾಗ ಮೇಯತಾವ.

ಕಟ್ಟಿದಾಕಿ ವಡ್ಡರ ಗಿಡ್ಡವ್ವ, ಮೂವರು ಸೊಸಿಯಂದಿರ ಕೂಡ.
ನಡುವ ಕರಿಮಣ್ಣು, ಹೊರಗ ಗರಸು,
ಗೇಣು ಗೇಣು ಏರಿಸಿ, ನೀರು ಚಿಮುಕಿಸಿ
ಕತ್ತಿ ಬಿಟ್ಟು ತುಳಿಸಿದರು.
ಸಾಹೇಬ ಮರಾಠಿಯೊಳಗ ಅಳತಿ ಓದಿದ.
ಗಿಡ್ಡವ್ವ ಹಿಮ್ಮಡಿಲೆ ಒತ್ತಿ ನೋಡಿ
"ಇನ್ನೂ ಹಸಿ ಅದ, ನಾಳಿಗಿ" ಅಂದಳು.
ಅಳತಿ ಕಾಗದದಾಗ ಉಳೀತು,
ಹಿಮ್ಮಡಿ ಒಡ್ಡಿನ್ಯಾಗ.

ಈಗ ನನ್ನ ಮಾತು.

ಆ ವರ್ಷ ಮಿರಗ ಬರಲಿಲ್ಲ,
ಆರಿದ್ರಾ ಮಾರಿ ತೋರಿಸಿ ಹೋತು.
ನನ್ನ ಹೊಲ ಒಡ್ಡಿನ ಮ್ಯಾಲಕಡೆ.
ಬಾವಿ ತಳ ಕಂಡಿತ್ತು.
ಪುಬ್ಬಿಗೆ ನಾಕು ಹನಿ ಬಿದ್ದಾಗ
ಹರದು ಹೋಗೂ ನೀರು ನೋಡಿ ಹೊಟ್ಟಿ ಉರೀತು.
ಒಂದು ಸಂಜಿ ಗೊಬ್ಬರದ ಚೀಲಕ್ಕ ಉಸುಕು ತುಂಬಿ
ಕೊಳವಿ ಬಾಯಾಗ ತುರುಕಿ, ಕಲ್ಲು ಕೊಟ್ಟು
ಜಾಲಿಮುಳ್ಳು ಹೇರಿ ಬಂದೆ.
ನೀರು ನಿಂತಿತು. ಬಾವಿ ಏರಿತು.
ದೇವರು ಕಣ್ಣು ಬಿಟ್ಟ ಅಂದರು ಜನ.
ನಾನೂ ಅಂದೆ.

ಹಸ್ತ ಮಳಿ ನಡುರಾತ್ರಿ ಬಂತು.
ಓಡಿದೆ. ಮಿಂಚಿನ್ಯಾಗ ಕಂಡಿತು:
ಒಡ್ಡಿನ ನೆತ್ತಿಗೂ ನೀರಿಗೂ ಮೂರು ಬಟ್ಟು.
ಆಚಿ ಕಡೆ, ಕೆಳಗ, ತಗ್ಗಿನ ಓಣಿ,
ಹಿಟ್ಟಿನ ಗಿರಣಿ, ಹಜರತಬಿಯ ಮನಿ,
ತೊಟ್ಟಿಲು ಬ್ಯಾರೆ ಕಟ್ಟಿದ್ದರು ಅವರು ಅದೇ ವಾರ.

ಕೊಳವಿ ಹಂತ್ಯಾಕ ಕಂದೀಲು.
ಗಿಡ್ಡವ್ವ ಮುಳ್ಳು ಸರಿಸಿ ಕುಂತಿದ್ದಳು,
ಒಂದು ಅಂಗೈ ಮಣ್ಣಿಗೆ ಹಚ್ಚಿ,
ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ.
ಚೀಲದ ಮ್ಯಾಲ ನನ್ನ ಹೆಸರಿತ್ತು,
ಸೊಸಾಯಟಿಯವರು ಮಸಿಲೆ ಬರದದ್ದು.
ನಾನು ಏನೋ ಹೇಳಾಕ ಹೋದೆ.
"ಮೊದಲ ಇದರ ಬಾಯಿ ಬಿಡಿಸು" ಅಂದಳು,
"ನಿಂದು ಆಮ್ಯಾಲ."

ಕಲ್ಲು ಕಿತ್ತೆ, ಕುಡಗೋಲಿಲೆ ಚೀಲ ಸೀಳಿದೆ.
ಉಸುಕು ಸುರೀತು, ಹಿಂದಿಂದ ನೀರು
ಎದಿಗೆ ಒದ್ದು ನನ್ನ ಹಳ್ಳಕ್ಕ ಚೆಲ್ಲಿತು.

ಮುಂಜಾನೆ ಓಣಿಯವರು ಎದ್ದು ಎಂದಿನಂಗ ಕಸ ಹೊಡದರು.
ಒಡ್ಡಿನ ಒಳಮೈಗೆ, ಹೆಗಲಿನಷ್ಟು ಎತ್ತರಕ್ಕ,
ತೊಗರಿ ಎಲಿ, ಹಿಕ್ಕಿ, ಒಂದು ಕೂಸಿನ ಚಪ್ಪಲಿಯ ಗೆರಿ.

ಹರಕ ಚೀಲ ಇನ್ನೂ ನನ್ನ ಅಟ್ಟದ ಮ್ಯಾಲದ.
ಗಿಡ್ಡವ್ವ ಬಾಜಾರದಾಗ ಸಿಗತಾಳ,
ಮಳಿ ಕೇಳತಾಳ, ಬೆಳಿ ಕೇಳತಾಳ.
ಅದೊಂದು ಕೇಳಿಲ್ಲ.