ನೂಲು ಹೊಡೆದ ಗೆರೆ

ಆಟಿ ಹುಟ್ಟಿ ನಾಲ್ಕು ದಿನ. ಬೋಟು ನೀರಿಗಿಳಿಯಲು ಇನ್ನು ಹನ್ನೊಂದು.
ಮಲ್ಪೆ ದಕ್ಕೆಯ ಟಾರ್ಪಾಲಿನ ಕೆಳಗೆ
'ಜಲದುರ್ಗೆ'ಯ ಮೂತಿಗೆ ನೀಲಿಪುಡಿಯ ನೂಲು ಹೊಡೆದೆ.
ಗೆರೆ ಬಾಗಿತ್ತು.
ಮತ್ತೆ ಹೊಡೆದೆ. ಬಾಗಿತ್ತು.
ಆಚೆ ತುದಿ ಹಿಡಿದ ಧೀರಜನಿಗೆ ಬೈದೆ:
"ಎಂತ ಮಾರಾಯ, ಸಡಿಲ ಬಿಡ್ತೀಯ?"
ಹುಡುಗ ನೂಲು ನೋಡಿದ, ನನ್ನನ್ನು ನೋಡಿದ,
ಸುಮ್ಮನಾದ.

ಅದರ ಹಿಂದಿನ ವಾರ ತಲೆನೋವು.
ಕಿವಿಯೊಳಗೆ, ಆಫ್ ಮಾಡಿದ ಮೇಲೂ ಓಡುವ ಇಂಜಿನ್.
ಥಿನ್ನರ್ ವಾಸನೆಗೆ ಅಂದುಕೊಂಡೆ.
ಹತ್ತಿರದ ಡಾಕ್ಟರು ಸೈನಸ್ ಅಂದರು.
ಕನ್ನಡಕದಂಗಡಿಯವ ನಂಬರು ಬದಲಿಸಿ ಎಂಟುನೂರು ತಗೊಂಡ.
ಹೊಸ ಗಾಜಿನಲ್ಲೂ ವಾರಿಜಳ ಮುಖದ ನಡುವೆ
ಡೀಸೆಲ್ ತೇಲುವ ನೀರಿನಂಥ ಕಲೆ,
ಮೂಗುಬೊಟ್ಟು ಕಾಣದು.

ಮಣಿಪಾಲದ ಲೋಬೊ ಡಾಕ್ಟರು, ಚಿಕ್ಕ ಪ್ರಾಯ, ಕೊಂಕಣಿ ರಾಗದ ಕನ್ನಡ,
ಕಣ್ಣು ನೋಡಿ ಮುಗಿಸಿ, ದೀಪ ಆರಿಸಿ,
ಸ್ಟೂಲು ಹಿಂದೆ ಸರಿಸಿ ಕೇಳಿದ್ದು
ಕಣ್ಣಿಗೆ ಸಂಬಂಧವೇ ಇಲ್ಲದ ಮಾತು:
"ತಲೆ ಬಾಚುವಾಗ ಬುಡ ನೋಯ್ತಿತ್ತಾ?"
ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ.
ಗಂಡಸು ಹೇಳುವಂಥದ್ದೇ, ಬಾಚಣಿಗೆ ನೋಯುತ್ತದೆ ಅಂತ?
"ಕಿವಿಯಲ್ಲಿ ಸದ್ದು?"
ಹೌದು.
ಬೇರೆ ಬೇರೆ ಬಲೆಗೆ ಬಿದ್ದಿದ್ದ ತುಂಡುಗಳು
ಅವರ ಪೆನ್ನಿನ ತುದಿಯಲ್ಲಿ ಒಂದೇ ಮೀನಾದವು.

ನನ್ನ ಕಣ್ಣಿನ ಹಿಂಗೋಡೆಯ ಸೀಳುಚಿತ್ರ ತೋರಿಸಿದರು.
ಪೊರೆ ಎದ್ದಿದೆ, ಅಡಿಯಲ್ಲಿ ನೀರು. ಎರಡೂ ಕಣ್ಣಿಗೆ.
ಅದು ನನಗೆ ಗೊತ್ತಿದ್ದ ರೋಗವೇ:
ಹಲಗೆಗೂ ಬಣ್ಣಕ್ಕೂ ನಡುವೆ ತೇವ ಸೇರಿದರೆ ಹೀಗೇ ಗುಳ್ಳೆ.
ಕೈಗೆ ಅರಿಶಿನದಂಥ ಮದ್ದು ಚುಚ್ಚಿದರು.
ಕಪ್ಪು ಚಿತ್ರದಲ್ಲಿ ಸೂಜಿಮೊನೆಯ ಬೆಳಕು, ಅಲ್ಲಿ, ಇಲ್ಲಿ, ಅಲ್ಲಿ,
ಅಷ್ಟೂ ಸೋರಿಕೆ.
ಸಂಜೆ ಉಚ್ಚೆಯೂ ಹಳದಿ ಎನಾಮೆಲ್.

"ಮೈಗೆ ಕಾವಲಿನವರು ಇರ್ತಾರಲ್ಲ,
ನಿಮ್ಮವರು ಬಣ್ಣದ ಮೇಲೆ ಮುನಿದಿದ್ದಾರೆ.
ಕಣ್ಣೊಳಗೆ ಬಣ್ಣ ಉಂಟು, ಕಿವಿಯೊಳಗೂ ಉಂಟು, ಚರ್ಮ, ಕೂದಲು.
ಅದನ್ನೇ ಶತ್ರು ಅಂತ ತಿಳ್ಕೊಂಡಿದ್ದಾರೆ."
ಮೂವತ್ತೊಂದು ವರ್ಷ ಬಣ್ಣ ಹಚ್ಚಿದವನಿಗೆ
ನಗು ಬಂತು. ವಾರಿಜ ಚಿವುಟಿದಳು.

ಮೂರು ದಿನ ಕೈಯ ನರದಲ್ಲಿ ಸ್ಟೀರಾಯ್ಡ್ ಹನಿ.
ನಾಲಿಗೆಯ ಮೇಲೆ ತಗಡಿನ ರುಚಿ.
ಮೂರನೆಯ ಇರುಳು ವಾರ್ಡಿನ ಕಿಟಕಿಯ ಸರಳು ಎಣಿಸಿದೆ: ಏಳು.
ಬಂದ ದಿನ ಅವು ಸರಳೋ ಏಡಿಕಾಲೋ ತಿಳಿದಿರಲಿಲ್ಲ.

ಆಮೇಲೆ ಗುಳಿಗೆ. ಕ್ಯಾಲೆಂಡರಿನ ಮೇಲೆ ಮೆಟ್ಟಲು ಬರೆದುಕೊಟ್ಟರು,
ಇಳಿಯಲು ತಿಂಗಳುಗಳು.
"ಕಾಣ್ತದೆ ಅಂತ ನಡುವೆ ಬಿಟ್ಟರೆ ಮತ್ತೆ ಬರ್ತದೆ, ಆಗ ಮಾತು ಕೇಳೂದಿಲ್ಲ."
ಜೊತೆಗೆ ಇನ್ನೊಂದು ಮದ್ದು, ಅದಕ್ಕೆ ಆಗಾಗ ರಕ್ತ ಪರೀಕ್ಷೆ.
ಮುಖ ತೆಂಗಿನಕಾಯಿ. ರಾತ್ರಿ ಎರಡಕ್ಕೆ ಹಸಿವು,
ಬೂತಾಯಿ ಗಸಿ ತಣ್ಣಗೇ ತಿಂದೆ, ಪಾತ್ರೆಯಿಂದಲೇ.
ವಾರಿಜಳಿಗೆ ಸುಮ್ಮಸುಮ್ಮನೆ ಗದರಿದೆ.
ಗದರಿದ್ದು ನಾನೋ ಗುಳಿಗೆಯೋ,
ಲೆಕ್ಕ ಈಗಲೂ ಹೊಂದುವುದಿಲ್ಲ.

ಸುಗ್ಗಿಯ ಹೊತ್ತಿಗೆ ನಾಲ್ಕು ರೆಪ್ಪೆಗೂದಲು ಬೆಳ್ಳಗಾದವು.
ಕುತ್ತಿಗೆಯಲ್ಲಿ ಎಂಟಾಣೆಯಷ್ಟು ಬಿಳಿ.
"ಪೈಂಟ್ ಹತ್ತಿದೆ ನೋಡಿ," ಅಂತ ಧೀರಜ
ಸೀಮೆಎಣ್ಣೆ ಬಟ್ಟೆ ತಂದ. ಉಜ್ಜಿದ.
ಪಾಪ, ಬಹಳ ಉಜ್ಜಿದ.

ಮೊನ್ನೆ ಡಾಕ್ಟರು ಫೋಟೋ ತೆಗೆದರು.
ಹಿಂಗೋಡೆಯ ಕಪ್ಪು ತೊಳೆದುಹೋಗಿ ಕೆಂಪು, ಕಿತ್ತಳೆ.
"ಇದಕ್ಕೆ ನಮ್ಮಲ್ಲಿ ಮುಳುಗುವ ಸೂರ್ಯನ ಹೆಸರು."
ಬೀಚಿಗೆ ಬಸ್ಸು ಮಾಡಿಕೊಂಡು ಬರುತ್ತಾರೆ ಜನ ಅದನ್ನು ನೋಡಲು.
"ಚೆಂದ ಉಂಟು," ಅಂದೆ.
"ಚೆಂದ ಅಲ್ಲ. ಹೋದದ್ದರ ಗುರುತು."

ಈಗ ಅರ್ಧ ಗುಳಿಗೆ.
ಬೆಳಿಗ್ಗೆ ದಕ್ಕೆಯ ತುದಿಗೆ ಹೋಗಿ
ಎಡಗಣ್ಣು ಮುಚ್ಚಿ ಕಡಲ ಗೆರೆ ನೋಡುತ್ತೇನೆ:
ನೂಲು ಹೊಡೆದಂತೆ.
ಬಲಗಣ್ಣು ಮುಚ್ಚುತ್ತೇನೆ:
ಎಲ್ಲಿ ನೋಡಿದರೆ ಅಲ್ಲೇ ತುಸು ತಗ್ಗು,
ಕಡಲಕಾಗೆ ಕೂತು ಎದ್ದಷ್ಟು.
ನಿನ್ನೆಯೂ ಅಷ್ಟೇ ಇತ್ತು.
ಡಬ್ಬದ ಮುಚ್ಚಳ ತೆಗೆಯುತ್ತೇನೆ.